ರೋಮ್ ಚಕ್ರವರ್ತಿಗಳ ನಾಣ್ಯಗಳು ಮತ್ತು ಕರ್ನಾಟಕದ ಪ್ರಾಚೀನ ಕಾಲಗಣನೆ

ಕರ್ನಾಟಕದ ಪ್ರಾಚೀನ ಇತಿಹಾಸವನ್ನು ಕುರಿತ ಗ್ರಂಥಗಳಲ್ಲಿ ರೋಮ್ ಸಾಮ್ರಾಜ್ಯದ ಪ್ರಸ್ತಾಪ ಸಾಮಾನ್ಯವಾಗಿ ವಿದೇಶೀ ವ್ಯಾಪಾರವೆಂಬ ಶೀರ್ಷಿಕೆಯಡಿಯಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಸುತ್ತಮುತ್ತ ರೋಮನ್ ನಾಣ್ಯಗಳು ದೊರೆತಿವೆ, ಆದುದರಿಂದ ಇಲ್ಲಿನ ಜನರಿಗೆ ರೋಮಿನೊಡನೆ ಸಂಪರ್ಕವಿತ್ತು ಎಂಬುದು ಆ ವಾಕ್ಯಗಳ ಸಾರ. ಈ ಹೇಳಿಕೆ ತಪ್ಪಲ್ಲ. ಆದರೆ ಆ ನಾಣ್ಯಗಳು ರೋಮಿನ ಇತಿಹಾಸದ ಯಾವ ಘಟ್ಟಕ್ಕೆ ಸೇರಿದವು, ಅವುಗಳನ್ನು ಅಚ್ಚುಹಾಕಿಸಿದವರು ಯಾರು, ಅಚ್ಚಾದ ಎಷ್ಟು ವರ್ಷಗಳ ಬಳಿಕ ಅವು ಇಲ್ಲಿನ ನೆಲವನ್ನು ಸೇರಿದವು ಎಂಬ ಪ್ರಶ್ನೆಗಳನ್ನು ಬಿಡಿಸಿಕೊಳ್ಳದಿದ್ದರೆ ಆ ಸಾಕ್ಷ್ಯ ಕೈಗೆ ಸಿಕ್ಕೂ ಸಿಕ್ಕದಂತಾಗುತ್ತದೆ. ಒಮ್ಮೆ ಇದೇ ನಾಣ್ಯಗಳ ಆಧಾರದ ಮೇಲೆ ಕರ್ನಾಟಕದ ಕಬ್ಬಿಣಯುಗದ ಕಾಲವನ್ನೇ ಎಂಟುನೂರು ವರ್ಷಗಳಷ್ಟು ಈಚೆಗೆ ಎಳೆದು ತರಲಾಗಿತ್ತೆಂಬುದನ್ನು ನೆನೆದರೆ ಈ ಪ್ರಶ್ನೆಗಳ ಮಹತ್ವ ತಿಳಿಯುತ್ತದೆ.

ಕ್ರಿ.ಪೂ. 31ರಲ್ಲಿ ಗ್ರೀಸಿನ ಪಶ್ಚಿಮ ತೀರದ ಆಕ್ಟಿಯಂ ಎಂಬಲ್ಲಿ ನಡೆದ ನೌಕಾಯುದ್ಧದಿಂದ ಈ ಕಥನವನ್ನು ಆರಂಭಿಸುವುದು ಉಚಿತ. ಜೂಲಿಯಸ್ ಸೀಸರನ ಕೊಲೆಯ ಅನಂತರ ರೋಮಿನಲ್ಲಿ ಎದ್ದ ಅಂತರ್ಯುದ್ಧಗಳು ಇಲ್ಲಿ ಕೊನೆಗೊಂಡವು. ಸೀಸರನ ದತ್ತುಪುತ್ರನಾದ ಆಕ್ಟೇವಿಯನ್, ಮಾರ್ಕ್ ಆಂಟನಿ ಹಾಗೂ ಈಜಿಪ್ಟಿನ ರಾಣಿ ಕ್ಲಿಯೋಪಾತ್ರರ ನೌಕಾಬಲವನ್ನು ಸೋಲಿಸಿದನು. ಮರುವರ್ಷ ಈಜಿಪ್ಟ್ ರೋಮಿನ ವಶವಾಯಿತು. ರೋಮಿನ ಇತಿಹಾಸಕಾರರು ಈ ಘಟನೆಯನ್ನು ಗಣರಾಜ್ಯದ ಅವಸಾನವೆಂದೂ ಚಕ್ರಾಧಿಪತ್ಯದ ಉದಯವೆಂದೂ ವಿವರಿಸುತ್ತಾರೆ. ದಕ್ಷಿಣ ಭಾರತದ ದೃಷ್ಟಿಯಿಂದ ನೋಡಿದಾಗ ಅದಕ್ಕೆ ಇನ್ನೊಂದು ಅರ್ಥವಿದೆ. ಅಲೆಕ್ಸಾಂಡ್ರಿಯಾ ಪಟ್ಟಣ, ನೈಲ್ ನದಿಯ ಜಲಮಾರ್ಗ, ಕೆಂಪು ಸಮುದ್ರದ ಬಂದರುಗಳು ಇವೆಲ್ಲವೂ ಒಂದೇ ಆಡಳಿತಕ್ಕೆ ಒಳಪಟ್ಟವು. ಮೆಣಸು, ಮುತ್ತು, ರತ್ನಗಳನ್ನು ಕೊಳ್ಳಬಲ್ಲ ಇಟಲಿಯ ಶ್ರೀಮಂತರಿಗೂ ಅರಬ್ಬೀ ಸಮುದ್ರದ ಪೂರ್ವತೀರಕ್ಕೂ ನಡುವೆ ಇದ್ದ ರಾಜಕೀಯ ಗಡಿಯೊಂದು ಅಳಿಸಿಹೋಯಿತು.

ಕ್ರಿ.ಪೂ. 27ರಲ್ಲಿ ಅಗಸ್ಟಸ್ ಎಂಬ ಬಿರುದನ್ನು ಪಡೆದ ಆಕ್ಟೇವಿಯನ್ ಕ್ರಿ.ಶ. 14ರವರೆಗೆ ಆಳಿದನು. ಅವನ ಕಾಲದಲ್ಲಿ ಈಜಿಪ್ಟಿನ ಪ್ರಾಂತಾಧಿಕಾರಿಯೊಡನೆ ಪ್ರವಾಸ ಮಾಡಿದ ಭೂಗೋಳಜ್ಞ ಸ್ಟ್ರಾಬೊ, ಕೆಂಪು ಸಮುದ್ರದ ಮಯೋಸ್ ಹೊರ್ಮೋಸ್ ಬಂದರಿನಿಂದ ಸುಮಾರು 120 ಹಡಗುಗಳು ಭಾರತಕ್ಕೆ ಹೋಗುತ್ತಿದ್ದುವೆಂದು ಬರೆದಿದ್ದಾನೆ. ಮುಂಗಾರು ಮಾರುತದ ನೆರವಿನಿಂದ ನೇರವಾಗಿ ಕಡಲನ್ನು ದಾಟುವ ವಿದ್ಯೆ ಅದಕ್ಕೆ ಮೊದಲೇ ತಿಳಿದಿತ್ತು. ಅಗಸ್ಟಸನ ಕಾಲದಲ್ಲಿ ಹೆಚ್ಚಿದುದು ಹಡಗುಗಳ ಸಂಖ್ಯೆ ಮತ್ತು ಹೂಡಿಕೆಯ ಹಣ. ಭಾರತದ ಅರಸರು ತನ್ನಲ್ಲಿಗೆ ಅನೇಕ ಸಲ ದೂತರನ್ನು ಕಳುಹಿಸಿದರೆಂದು ಅಗಸ್ಟಸನೇ ತನ್ನ ಆತ್ಮಕಥನರೂಪದ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಚಕ್ರವರ್ತಿಗಳ ಪ್ರಶಸ್ತಿಗಳಲ್ಲಿ ಇಂತಹ ಮಾತುಗಳು ಇರುವುದು ಸಹಜ. ಅದನ್ನು ನಮ್ಮ ಶಾಸನಗಳ ದಿಗ್ವಿಜಯವರ್ಣನೆಗಳನ್ನು ಓದುವಾಗ ತೋರುವ ಎಚ್ಚರದಿಂದಲೇ ಓದಬೇಕಾಗುತ್ತದೆ.

ಅಗಸ್ಟಸನ ನಾಣ್ಯಗಳು ಕರ್ನಾಟಕದಲ್ಲಿ ದೊರೆತ ಸಂದರ್ಭಗಳು ಕುತೂಹಲಕರವಾಗಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲುಮಾರ್ಗದ ಕಾಮಗಾರಿ ನಡೆಯುತ್ತಿದ್ದಾಗ 163 ಬೆಳ್ಳಿಯ ನಾಣ್ಯಗಳ ನಿಧಿಯೊಂದು ಸಿಕ್ಕಿತು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಇವರ ನಾಣ್ಯಗಳು ಅದರಲ್ಲಿದ್ದವು. 1965ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ನಿಲ್ದಾಣದ ಪ್ರದೇಶದಲ್ಲಿ 256 ನಾಣ್ಯಗಳು ಮಣ್ಣಿನ ಮಡಕೆಯೊಂದರಲ್ಲಿ ದೊರೆತವು. ಅವುಗಳಲ್ಲಿ ಹೆಚ್ಚಿನವು ಅಗಸ್ಟಸ್ ಮತ್ತು ಟೈಬೀರಿಯಸರವು. ಒಂದು ನಿಧಿಯನ್ನು ರೈಲೂ ಇನ್ನೊಂದನ್ನು ವಿಮಾನವೂ ಹೊರಗೆ ತಂದವೆನ್ನಬಹುದು. ಎರಡೂ ಉತ್ಖನನದಿಂದ ಬಂದವುಗಳಲ್ಲ. ಆದುದರಿಂದ ಅವುಗಳ ಜೊತೆಗಿದ್ದ ಮಡಕೆ, ಮಣ್ಣಿನ ಪದರ, ನೆಲೆಯ ಸ್ವರೂಪ ಇವುಗಳಿಂದ ಸಿಗಬಹುದಾಗಿದ್ದ ಮಾಹಿತಿಗೆ ಸಂಶೋಧನೆ ಎರವಾಯಿತು.

ಈ ಎರಡು ನಿಧಿಗಳ ಸ್ವರೂಪವನ್ನು ತಿಳಿಯಲು ದಕ್ಷಿಣ ಭಾರತದಲ್ಲಿ ದೊರೆಯುವ ರೋಮನ್ ಬೆಳ್ಳಿ ನಾಣ್ಯಗಳ ಎರಡು ಮುಖ್ಯ ಮಾದರಿಗಳನ್ನು ಗಮನಿಸಬೇಕು. ಮೊದಲನೆಯದು ಅಗಸ್ಟಸನದು. ಅದರ ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸ್ ಗುರಾಣಿ, ಭರ್ಜಿಗಳನ್ನು ಹಿಡಿದು ನಿಂತಿದ್ದಾರೆ. ಮುಂಬದಿಯ ಬರಹದಲ್ಲಿ ಅಗಸ್ಟಸನನ್ನು ರಾಷ್ಟ್ರಪಿತನೆಂದು ಕರೆದಿದೆ. ಈ ಬಿರುದು ಅವನಿಗೆ ಸಂದದ್ದು ಕ್ರಿ.ಪೂ. 2ರಲ್ಲಿ. ಆದ್ದರಿಂದ ಈ ಮಾದರಿ ಅದಕ್ಕಿಂತ ಹಿಂದಿನದಾಗಲಾರದು. ಗಾಲ್ ಪ್ರಾಂತದ ಲುಗ್ಡುನಂ, ಅಂದರೆ ಇಂದಿನ ಫ್ರಾನ್ಸಿನ ಲಿಯಾನ್ ನಗರದ ಟಂಕಸಾಲೆಯಲ್ಲಿ ಇವು ಅಚ್ಚಾದವು. ಉತ್ತರಾಧಿಕಾರಿಗಳೆಂದು ಲೋಕಕ್ಕೆ ತೋರಿಸಲು ಯಾರ ಚಿತ್ರಗಳನ್ನು ಮುದ್ರಿಸಲಾಯಿತೋ ಆ ಇಬ್ಬರು ತರುಣರೂ, ಲೂಸಿಯಸ್ ಕ್ರಿ.ಶ. 2ರಲ್ಲಿ, ಗೇಯಸ್ ಕ್ರಿ.ಶ. 4ರಲ್ಲಿ, ತಾತನಿಗಿಂತ ಮೊದಲೇ ತೀರಿಕೊಂಡರು. ರೋಮಿನ ಅರಮನೆಯ ಈ ದುರಂತದ ಸ್ಮಾರಕವೊಂದು ದಖನ್ನಿನ ಪ್ರಸ್ಥಭೂಮಿಯ ಮಡಕೆಗಳಲ್ಲಿ ಉಳಿದುಬಂದಿದೆ.

ಮೊಮ್ಮಕ್ಕಳ ಮರಣದಿಂದಾಗಿ ಪಟ್ಟ ದೊರೆತದ್ದು ಮಲಮಗ ಟೈಬೀರಿಯಸನಿಗೆ. ಅವನು ಕ್ರಿ.ಶ. 14ರಿಂದ 37ರವರೆಗೆ ಆಳಿದನು. ಎರಡನೆಯ ಮಾದರಿ ಇವನದು: ಮುಂಬದಿಯಲ್ಲಿ ಚಕ್ರವರ್ತಿಯ ತಲೆ, ಹಿಂಬದಿಯಲ್ಲಿ ಪೀಠದಲ್ಲಿ ಕುಳಿತ ಸ್ತ್ರೀ, ಸುತ್ತಲೂ ಮಹಾಪುರೋಹಿತನೆಂಬ ಅರ್ಥದ ಬರಹ. ಆ ಸ್ತ್ರೀಯನ್ನು ಅವನ ತಾಯಿ ಲಿವಿಯಾ ಎಂದು ಹಲವರು ಗುರುತಿಸುತ್ತಾರೆ. ಟೈಬೀರಿಯಸ್ ತನ್ನ ಆಳ್ವಿಕೆಯ ಉದ್ದಕ್ಕೂ ಹೆಚ್ಚುಕಡಿಮೆ ಈ ಒಂದೇ ಮಾದರಿಯನ್ನು ಮುಂದುವರಿಸಿದನು. ಇತಿಹಾಸಕಾರನಿಗೆ ಇದು ತೊಡಕಿನ ಸಂಗತಿ. ವರ್ಷಸೂಚನೆಯಿಲ್ಲದ ಇಂತಹ ನಾಣ್ಯ ಅವನ ಆಳ್ವಿಕೆಯ ಮೊದಲಿನದೋ ಕೊನೆಯದೋ ಎಂದು ಹೇಳಲು ಅಚ್ಚಿನ ಸೂಕ್ಷ್ಮ ವ್ಯತ್ಯಾಸಗಳನ್ನೇ ಅವಲಂಬಿಸಬೇಕು. ಆದರೆ ವಿದೇಶೀ ವ್ಯಾಪಾರಿಗೆ ಅದು ಅನುಕೂಲವೇ ಆಗಿರಬೇಕು. ಭಾಷೆ ಬಾರದ, ಚಕ್ರವರ್ತಿಯ ಹೆಸರು ತಿಳಿಯದ ಮಾರುಕಟ್ಟೆಯಲ್ಲಿ ಬದಲಾಗದ ಮುಖಕ್ಕೆ, ಬದಲಾಗದ ತೂಕಕ್ಕೆ ಬೆಲೆಯಿರುತ್ತದೆ.

ಸ್ವತಃ ಟೈಬೀರಿಯಸನಿಗೆ ಈ ಹಣದ ಹರಿವು ಸಂತೋಷ ತಂದಿರಲಿಲ್ಲ. ಕ್ರಿ.ಶ. 22ರಲ್ಲಿ ಅವನು ಸೆನೆಟ್ ಸಭೆಗೆ ಬರೆದ ಪತ್ರದಲ್ಲಿ, ಹೆಂಗಸರ ಒಡವೆಗಳ ಸಲುವಾಗಿ ರೋಮಿನ ಸಂಪತ್ತು ಪರದೇಶಗಳಿಗೆ ಹೋಗುತ್ತಿದೆಯೆಂದು ಆಕ್ಷೇಪಿಸಿದನೆಂದು ಟ್ಯಾಸಿಟಸ್ ದಾಖಲಿಸಿದ್ದಾನೆ. ಅರ್ಧ ಶತಮಾನದ ಬಳಿಕ ಪ್ಲಿನಿಯು ಇದಕ್ಕೆ ಅಂಕಿಗಳನ್ನು ಒದಗಿಸಿದನು. ಭಾರತವೊಂದೇ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆಯುತ್ತದೆಯೆಂದು ಒಂದೆಡೆ, ಭಾರತ, ಚೀನಾ, ಅರೇಬಿಯಾಗಳು ಸೇರಿ 10 ಕೋಟಿಯೆಂದು ಇನ್ನೊಂದೆಡೆ ಅವನು ಬರೆದಿದ್ದಾನೆ. ನೀತಿಬೋಧಕನ ಉತ್ಪ್ರೇಕ್ಷೆ ಇದೆಂದು ಬಹುಕಾಲ ಭಾವಿಸಲಾಗಿತ್ತು. 1985ರಲ್ಲಿ ಪ್ರಕಟವಾದ ವಿಯೆನ್ನಾದ ಪಪೈರಸ್ ಪತ್ರವೊಂದು ಮುಜಿರಿಸ್ ಬಂದರಿನಿಂದ ಹೊರಟ ಒಂದೇ ಹಡಗಿನ ಸರಕಿಗೆ ಸುಮಾರು 70 ಲಕ್ಷ ಸೆಸ್ಟರ್ಸ್ ಬೆಲೆಕಟ್ಟಿರುವುದನ್ನು ತೋರಿಸಿದ ಮೇಲೆ ಪ್ಲಿನಿಯ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಈ ಟೈಬೀರಿಯಸನ ನಾಣ್ಯವೇ ಚಂದ್ರವಳ್ಳಿಯಲ್ಲಿ ಒಂದು ದೊಡ್ಡ ಚರ್ಚೆಗೆ ಕಾರಣವಾಯಿತು. ಚಿತ್ರದುರ್ಗದ ಬೆಟ್ಟದ ಬುಡದಲ್ಲಿರುವ ಈ ನೆಲೆ 19ನೆಯ ಶತಮಾನದ ಕೊನೆಯಲ್ಲಿಯೇ ಸೀಸದ ನಾಣ್ಯಗಳಿಂದಾಗಿ ವಿದ್ವಾಂಸರ ಗಮನಕ್ಕೆ ಬಂದಿತ್ತು. ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ ಅವರು 1929ರ ಸುಮಾರಿನಲ್ಲಿ ಇಲ್ಲಿ ಉತ್ಖನನ ನಡೆಸಿದರು. ಸಾತವಾಹನರ ಮತ್ತು ಮಹಾರಠಿಗಳ ಸೀಸದ ನಾಣ್ಯಗಳ ಜೊತೆಗೆ ರೋಮನ್ ಬೆಳ್ಳಿಯೂ ಈ ನೆಲೆಯಲ್ಲಿ ಕಂಡುಬಂದಿದೆ. ಕದಂಬ ಮಯೂರಶರ್ಮನ ಪ್ರಸಿದ್ಧ ಬಂಡೆಗಲ್ಲು ಶಾಸನವನ್ನು ಬೆಳಕಿಗೆ ತಂದವರೂ ಕೃಷ್ಣ ಅವರೇ. ಪದರಗಳ ಆಧಾರದ ಮೇಲೆ ನಾಣ್ಯಗಳನ್ನು ಓದುವ ಪದ್ಧತಿ ದೇಶದಲ್ಲಿ ಇನ್ನೂ ಬೇರೂರದಿದ್ದ ಕಾಲದಲ್ಲಿ ಅವರು ನಡೆಸಿದ ಈ ಕೆಲಸಕ್ಕೆ ಸಲ್ಲಬೇಕಾದ ಗೌರವ ಪೂರ್ತಿಯಾಗಿ ಸಂದಿಲ್ಲವೆಂದೇ ಹೇಳಬೇಕು.

1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳೆರಡರಲ್ಲಿಯೂ ಉತ್ಖನನ ಕೈಗೊಂಡರು. ಅದಕ್ಕೆ ಮೊದಲು, 1945ರಲ್ಲಿ, ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಅವರಿಗೆ ಇಟಲಿಯ ಕೆಂಪು ಮಡಕೆಗಳೂ ಚಕ್ರಾಂಕಿತ ಮಡಕೆಗಳೂ ದೊರೆತಿದ್ದವು. ಇಟಲಿಯ ಮಡಕೆಗಳ ಕಾಲ ಖಚಿತವಾಗಿ ತಿಳಿದಿದ್ದುದರಿಂದ ಅವುಗಳ ಒಡನಾಡಿಯಾದ ಚಕ್ರಾಂಕಿತ ಮಡಕೆಯನ್ನು ಕ್ರಿ.ಶ. 1ನೆಯ ಶತಮಾನದ್ದೆಂದು ಅವರು ಹೇಳಿದರು. ಅದೇ ಬಗೆಯ ಮಡಕೆ ಬ್ರಹ್ಮಗಿರಿಯ ಮೇಲಿನ ಪದರಗಳಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಕಾಣಿಸಿತು. ಚಂದ್ರವಳ್ಳಿಯಲ್ಲಿ ಅದಕ್ಕೆ ಟೈಬೀರಿಯಸನ ನಾಣ್ಯದ ಬೆಂಬಲವೂ ಸಿಕ್ಕಿತು. ಹೀಗೆ ಮೇಲಿನ ತುದಿಯನ್ನು ಭದ್ರಪಡಿಸಿಕೊಂಡು ವ್ಹೀಲರ್ ಅವರು ಕೆಳಗಿನ ಪದರಗಳ ಕಾಲವನ್ನು ಲೆಕ್ಕಹಾಕುತ್ತ ಹೋದರು. ಅವರ ಪ್ರಕಾರ ಸಾತವಾಹನ ಸಂಸ್ಕೃತಿ ಕ್ರಿ.ಶ. 1ನೆಯ ಶತಮಾನದ ಮಧ್ಯದಿಂದ ಆರಂಭ. ಬೃಹತ್ ಶಿಲಾಸಂಸ್ಕೃತಿ ಸುಮಾರು ಕ್ರಿ.ಪೂ. 200ರಿಂದ ಅಲ್ಲಿಯವರೆಗೆ, ಅದಕ್ಕೂ ಕೆಳಗಿನ ನಯಗೊಳಿಸಿದ ಕಲ್ಲುಕೊಡಲಿಗಳ ಸಂಸ್ಕೃತಿ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಿಂದ.

ಈ ಲೆಕ್ಕಾಚಾರದ ಕ್ರಮ ಅಚ್ಚುಕಟ್ಟಾಗಿತ್ತು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಮೊದಲ ಬಾರಿಗೆ ಒಂದು ಚೌಕಟ್ಟನ್ನು ಒದಗಿಸಿದ ಕೀರ್ತಿಯೂ ಅದಕ್ಕೆ ಸಲ್ಲುತ್ತದೆ. ಆದರೆ ಅದರ ಭಾರವೆಲ್ಲ ಕೆಲವೇ ರೋಮನ್ ವಸ್ತುಗಳ ಮೇಲೆ ನಿಂತಿತ್ತು. ಅಶೋಕನ ಶಾಸನಗಳಿರುವ ಬ್ರಹ್ಮಗಿರಿಯಲ್ಲಿಯೇ ಕಬ್ಬಿಣದ ಬಳಕೆ ಅಶೋಕನ ಅನಂತರ ಆರಂಭವಾಯಿತೆಂಬ ನಿರ್ಣಯ ಅದರಿಂದ ಹೊರಟಿತು. 1965ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನಡೆಸಿದ ಉತ್ಖನನದಲ್ಲಿ ದೊರೆತ ಇದ್ದಿಲಿನ ಇಂಗಾಲ ಪರೀಕ್ಷೆ ಕಬ್ಬಿಣದ ಬಳಕೆಯನ್ನು ಸುಮಾರು ಕ್ರಿ.ಪೂ. 1000ಕ್ಕೆ ಒಯ್ದಿತು. ನವಶಿಲಾಯುಗದ ನೆಲೆಗಳ ಕಾಲವೂ ಕ್ರಿ.ಪೂ. 3ನೆಯ ಸಹಸ್ರಮಾನದವರೆಗೆ ಹಿಂದಕ್ಕೆ ಸರಿಯಿತು. 1980ರ ದಶಕದಲ್ಲಿ ವಿಮಲಾ ಬೇಗ್ಲಿ ಅವರು ಅರಿಕಮೇಡಿನ ಸಾಮಗ್ರಿಯನ್ನು ಮರುಪರಿಶೀಲಿಸಿ, ಚಕ್ರಾಂಕಿತ ಮಡಕೆ ರೋಮನ್ನರಿಗಿಂತ ಹಿಂದೆಯೇ, ಕ್ರಿ.ಪೂ. 2ನೆಯ ಶತಮಾನದ ವೇಳೆಗೇ ಭಾರತದಲ್ಲಿ ಬಳಕೆಯಲ್ಲಿತ್ತೆಂದು ಪ್ರತಿಪಾದಿಸಿದರು.

ಇಲ್ಲಿ ದೋಷ ಟೈಬೀರಿಯಸನ ನಾಣ್ಯದ್ದಲ್ಲ. ನಾಣ್ಯವೊಂದು ಪದರದಲ್ಲಿ ದೊರೆತರೆ ಆ ಪದರ ನಾಣ್ಯ ಅಚ್ಚಾದ ಕಾಲಕ್ಕಿಂತ ಹಿಂದಿನದಲ್ಲ ಎಂದಷ್ಟೇ ಸಿದ್ಧವಾಗುತ್ತದೆ. ಎಷ್ಟು ಮುಂದಿನದು ಎಂಬುದನ್ನು ನಾಣ್ಯ ಹೇಳಲಾರದು. ಅದರ ಕೆಳಗಿನ ಪದರಗಳ ವಯಸ್ಸನ್ನಂತೂ ಹೇಳಲಾರದು. ರೋಮಿನ ಇತಿಹಾಸದ ಇನ್ನೊಂದು ತಿರುವು ಈ ತೊಡಕನ್ನು ಹೆಚ್ಚಿಸುತ್ತದೆ. ಕ್ರಿ.ಶ. 64ರಲ್ಲಿ, ರೋಮ್ ನಗರ ಬೆಂಕಿಗೆ ಆಹುತಿಯಾದ ವರ್ಷವೇ, ಚಕ್ರವರ್ತಿ ನೀರೋ ನಾಣ್ಯದ ತೂಕವನ್ನು ಇಳಿಸಿದನು. ಅದಕ್ಕೆ ಮೊದಲು ಒಂದು ರೋಮನ್ ಪೌಂಡ್ ಬೆಳ್ಳಿಯಲ್ಲಿ 84 ದೀನಾರಿಯಸ್ ನಾಣ್ಯಗಳು ಅಚ್ಚಾಗುತ್ತಿದ್ದವು, ಅನಂತರ 96. ಅಂದರೆ ಸುಮಾರು 3.9 ಗ್ರಾಂ ಇದ್ದ ನಾಣ್ಯ 3.4 ಗ್ರಾಮಿಗೆ ಇಳಿಯಿತು. ಲೋಹದ ಶುದ್ಧತೆಯೂ ಕಡಿಮೆಯಾಯಿತು. ರೋಮಿನ ಆಜ್ಞೆ ನಡೆಯುವ ಪ್ರದೇಶದಲ್ಲಿ ಹಳೆಯದಕ್ಕೂ ಹೊಸದಕ್ಕೂ ಒಂದೇ ಬೆಲೆ. ಆಜ್ಞೆ ನಡೆಯದ ಕಡೆ ತಕ್ಕಡಿಯ ಮಾತೇ ಅಂತಿಮ. ಹೀಗಾಗಿ ಭಾರತಕ್ಕೆ ಬರುವ ವ್ಯಾಪಾರಿ ಹಳೆಯ ಅಗಸ್ಟಸ್, ಟೈಬೀರಿಯಸ್ ನಾಣ್ಯಗಳನ್ನೇ ಆರಿಸಿ ತರುವುದು ಲಾಭದಾಯಕವಾಯಿತು. ದಕ್ಷಿಣದ ಬೆಳ್ಳಿಯ ನಿಧಿಗಳಲ್ಲಿ ಗಣನೀಯ ಭಾಗ ನೀರೋವಿನ ಸುಧಾರಣೆಯ ಅನಂತರವೇ ಇಲ್ಲಿಗೆ ಬಂದಿರಬೇಕೆಂದು ಡೇವಿಡ್ ಮ್ಯಾಕ್‌ಡೊವಾಲ್ ಮೊದಲಾದ ನಾಣ್ಯಶಾಸ್ತ್ರಜ್ಞರು ವಾದಿಸಿದ್ದಾರೆ. ಅವು ಅಚ್ಚಾದ ಕಾಲದಲ್ಲಿಯೇ ಬಂದವೆಂಬ ಪಕ್ಷವೂ ಇದೆ. ಕ್ಲಾಡಿಯಸನ ನಾಣ್ಯಗಳೊಡನೆ ಮುಗಿಯುವ ಯಶವಂತಪುರದ ನಿಧಿಯನ್ನು ಕ್ರಿ.ಶ. 54ಕ್ಕೆ ಮುಂಚೆ ಹೂಳಲಾಯಿತೆಂದು ಹೇಳುವ ಮೊದಲು ಈ ವಾದಗಳೆರಡನ್ನೂ ತೂಗಿನೋಡಬೇಕು. ಕ್ರಿ.ಶ. 107ರಲ್ಲಿ ಟ್ರಾಜನ್ ಸವೆದ ಹಳೆಯ ನಾಣ್ಯಗಳನ್ನು ಕರಗಿಸಿದ ಮೇಲೆ ಇಂತಹ ಆಯ್ಕೆಗೆ ಅವಕಾಶ ಕಡಿಮೆಯಾಯಿತು.

ಕರ್ನಾಟಕದ ಒಳನಾಡು ಈ ಬೆಳ್ಳಿಗೆ ಪ್ರತಿಯಾಗಿ ಏನನ್ನು ಕೊಟ್ಟಿತು? ಕ್ರಿ.ಶ. 2ನೆಯ ಶತಮಾನದ ಭೂಗೋಳಜ್ಞ ಟಾಲೆಮಿ ವೈಡೂರ್ಯ ದೊರೆಯುವ ಪೌನ್ನಟ ಎಂಬ ಸ್ಥಳವನ್ನು ಹೆಸರಿಸಿದ್ದಾನೆ. ಇದನ್ನು ಮೈಸೂರು ಸೀಮೆಯ ಪುನ್ನಾಟವೆಂದು ಗುರುತಿಸಲಾಗಿದೆ. ಕಪಿಲಾ ನದಿಯ ದಂಡೆಯ ಕಿತ್ತೂರು, ಅಂದರೆ ಶಾಸನಗಳ ಕೀರ್ತಿಪುರ, ಅದರ ರಾಜಧಾನಿ. ಟಾಲೆಮಿ ಹೇಳುವ ಬನೌಆಸೇ ಬನವಾಸಿ, ಬದಿಯಮೈಓಯಿ ಬಾದಾಮಿ, ಮೊದೊಗೌಲ್ಲ ಮುದಗಲ್ಲು ಎಂಬುದು ವಿದ್ವಾಂಸರ ಮತ. ನಕ್ಷೆಯಲ್ಲಿ ನೋಡಿದರೆ ಬೆಂಗಳೂರಿನ ಎರಡು ನಿಧಿಗಳು ಒಂದು ಕಡೆ, ರೋಮನ್ ನಾಣ್ಯಗಳು ಅತಿ ಹೆಚ್ಚಾಗಿ ದೊರೆತಿರುವ ಕೊಯಮತ್ತೂರು-ಕರೂರು ವಲಯ ಇನ್ನೊಂದು ಕಡೆ, ಪುನ್ನಾಟ ಮತ್ತೊಂದು ಕಡೆ ಇವೆ. ಇವುಗಳ ನಡುವೆ ಕಾವೇರಿ ಮತ್ತು ಶಿಂಷಾ ನದಿಗಳ ಬಯಲು, ಅಂದರೆ ಯಲಿಯೂರು, ಮದ್ದೂರು, ಮಳವಳ್ಳಿಗಳಿರುವ ಇಂದಿನ ಮಂಡ್ಯ ಜಿಲ್ಲೆಯ ನೆಲ ಹರಡಿಕೊಂಡಿದೆ. ಕೊಂಗುನಾಡಿನಿಂದ ಪ್ರಸ್ಥಭೂಮಿಗೆ ಏರಿ ಬರುವ ಸರಕಿಗೆ ಕಾವೇರಿಯ ಕಣಿವೆ ಸಹಜವಾದ ದಾರಿ. ನಾಲೆ, ರಸ್ತೆ, ಗದ್ದೆಗಳ ಕೆಲಸಕ್ಕಾಗಿ ಈ ಸೀಮೆಯ ಮಣ್ಣನ್ನು ನೂರು ವರ್ಷಗಳಿಂದ ಅಗೆಯಲಾಗಿದೆ. ನೆಲದಡಿಯ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದ ಇದೆ. ರಾಜ್ಯದ ಪ್ರತ್ಯೇಕ ಕಾಯ್ದೆ 1962ರದು. ಆದರೂ ಬೆಳ್ಳಿಯ ನಾಣ್ಯ ವಸ್ತುಸಂಗ್ರಹಾಲಯವನ್ನು ತಲಪುವ ಮೊದಲು ಅಕ್ಕಸಾಲೆಯ ಮೂಸೆಯನ್ನು ದಾಟಿಬರಬೇಕಾದುದು ಎಲ್ಲ ಕಾಲಕ್ಕೂ ಇರುವ ಅಪಾಯ. ಪ್ರಾಸಂಗಿಕವಾಗಿ ಒಂದು ಮಾತು: ಸಾತವಾಹನೋತ್ತರ ಕಾಲದ ಚುಟುಕುಲದ ಶಾತಕರ್ಣಿಯ ಸ್ತಂಭಶಾಸನವಿರುವ ಮಳವಳ್ಳಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನದು, ಅದನ್ನು ಮಂಡ್ಯದ ಮಳವಳ್ಳಿಗೆ ಅಂಟಿಸಬಾರದು.

ಕರಾವಳಿಯ ಸಾಕ್ಷ್ಯ ನಾಣ್ಯಗಳಿಗಿಂತ ಬರಹಗಳಲ್ಲಿ ಹೆಚ್ಚಾಗಿದೆ. ಮುಜಿರಿಸಿನ ಸಮೀಪದಲ್ಲಿ ನಿತ್ರಿಯಾಸ್ ಎಂಬಲ್ಲಿ ಕಡಲುಗಳ್ಳರಿರುವರೆಂದು ಪ್ಲಿನಿ ಎಚ್ಚರಿಸುತ್ತಾನೆ. ಇದನ್ನು ನೇತ್ರಾವತಿಯ ಅಳಿವೆಯೊಡನೆ ಸಮೀಕರಿಸಿದವರಿದ್ದಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿರುವ ಅಪರಿಚಿತ ಮಾತುಗಳು ಕನ್ನಡವೆಂದು ಹುಲ್ಷ್ ಅವರು ಮರುವರ್ಷವೇ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಎಂ. ಗೋವಿಂದ ಪೈ ಅವರು ಈ ಜಾಡನ್ನು ಮುಂದುವರಿಸಿದರು. 1926ರಲ್ಲಿ ಬಾರ್ನೆಟ್ ಇದನ್ನು ಒಪ್ಪಲಿಲ್ಲ. ಮುಂದೆ ತುಳುವಿನ ಪರವಾಗಿಯೂ ವಾದ ಹುಟ್ಟಿತು. ನಗೆಗಾಗಿ ಬರೆದ ನಾಟಕದಲ್ಲಿ, ಕನ್ನಡ ಬಾರದ ಲಿಪಿಕಾರನ ಕೈದಾಟಿ ಬಂದ ಅಕ್ಷರಗಳಿಂದ ವಾಕ್ಯಗಳನ್ನು ಕಟ್ಟುವುದು ಸಾಹಸದ ಕೆಲಸ. ಕನ್ನಡದ ಪ್ರಾಚೀನತೆಯ ಮೇಲಿನ ಅಭಿಮಾನ ಇಲ್ಲಿ ಪ್ರಮಾಣದ ಕೊರತೆಯನ್ನು ತುಂಬಲಾರದು.

ಕ್ರಿ.ಶ. 165ರ ಸುಮಾರಿಗೆ ಮಾರ್ಕಸ್ ಅರೀಲಿಯಸನ ಕಾಲದಲ್ಲಿ ಹಬ್ಬಿದ ಸಾಂಕ್ರಾಮಿಕ ರೋಗ, 235ರಿಂದ 284ರವರೆಗಿನ ಅರಾಜಕತೆ, ಬೆಳ್ಳಿಯ ನಾಣ್ಯ ಹೆಸರಿಗಷ್ಟೇ ಬೆಳ್ಳಿಯಾದುದು, ಇವುಗಳಿಂದ ಹಳೆಯ ವ್ಯಾಪಾರ ಕುಂದಿತು. ದಖನ್ನಿನಲ್ಲಿ ಸಾತವಾಹನರ ಆಳ್ವಿಕೆ ಮುಗಿದುದೂ 3ನೆಯ ಶತಮಾನದ ಮೊದಲ ಭಾಗದಲ್ಲಿ. ಈ ಎರಡನ್ನೂ ಕಾರ್ಯಕಾರಣವೆಂದು ಜೋಡಿಸುವ ವಿವರಣೆಗಳು ಆಕರ್ಷಕವಾಗಿದ್ದರೂ ರೋಮನ್ ಬೆಳ್ಳಿಯ ಪೂರೈಕೆ ಅದಕ್ಕೂ ನೂರು ವರ್ಷಗಳ ಹಿಂದೆಯೇ ತಗ್ಗಿತ್ತೆಂಬುದನ್ನು ಅವು ಗಮನಿಸುವುದಿಲ್ಲ.

ಕಾನ್‌ಸ್ಟಂಟೈನ್ ಆರಂಭಿಸಿದ ಸಾಲಿಡಸ್ ಎಂಬ ಹೊಸ ಚಿನ್ನದ ನಾಣ್ಯ ರೋಮಿನ ಹಣಕ್ಕೆ ಮತ್ತೆ ಮಾನ ತಂದಿತು. ಪೌಂಡಿಗೆ 72ರಂತೆ ಸುಮಾರು 4.5 ಗ್ರಾಂ ತೂಗುತ್ತಿದ್ದ ಇದರ ಪ್ರಮಾಣ ಹಲವು ಶತಮಾನ ಬದಲಾಗಲಿಲ್ಲ. ಕ್ರಿ.ಶ. 330ರಲ್ಲಿ ರಾಜಧಾನಿ ಕಾನ್‌ಸ್ಟಾಂಟಿನೋಪಲ್ಲಿಗೆ ಸಾಗಿತು. 476ರಲ್ಲಿ ಪಶ್ಚಿಮದ ಸಿಂಹಾಸನ ಅಳಿಯಿತು. ಆದರೆ ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ದೊರೆತ ನಿಧಿಯಲ್ಲಿ 5 ಮತ್ತು 6ನೆಯ ಶತಮಾನಗಳ ಪೂರ್ವ ರೋಮನ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳಿದ್ದವು. ಅದು ಕದಂಬರ ನಾಡು, ಬನವಾಸಿಗೆ ದೂರವಲ್ಲ. ರೋಮ್ ಪತನವಾಯಿತೆಂದು ಯುರೋಪಿನ ಪಠ್ಯಗಳು ಹೇಳುವ ಕಾಲದಲ್ಲಿ ರೋಮಿನ ಚಿನ್ನ ಕದಂಬರ ಸೀಮೆಗೆ ಬರುತ್ತಲೇ ಇತ್ತು. 6ನೆಯ ಶತಮಾನದ ಪ್ರವಾಸಿ ಕಾಸ್ಮಸ್, ಮೆಣಸನ್ನು ರಫ್ತುಮಾಡುವ ಬಂದರುಗಳಲ್ಲಿ ಮಂಗರೂತ್ ಒಂದೆಂದು ಹೇಳುತ್ತಾನೆ. ಇದು ಮಂಗಳೂರು. ರೋಮಿನ ಚಿನ್ನದ ನಾಣ್ಯ ಲೋಕದ ಎಲ್ಲೆಡೆ ಸಲ್ಲುತ್ತದೆಯೆಂಬ ಹೆಮ್ಮೆಯ ಮಾತೂ ಅವನದೇ.

ಈ ದಾರಿಯ ತಲೆಬಾಗಿಲಾಗಿದ್ದ ಅಲೆಕ್ಸಾಂಡ್ರಿಯಾವನ್ನು ರೋಮನ್ ಸೇನೆ ಅರಬರಿಗೆ ಬಿಟ್ಟುಕೊಟ್ಟು ಹಡಗು ಹತ್ತಿದುದು ಕ್ರಿ.ಶ. 642ರಲ್ಲಿ. ಬಾದಾಮಿ ಪಲ್ಲವ ನರಸಿಂಹವರ್ಮನ ವಶವಾಗಿ ಇಮ್ಮಡಿ ಪುಲಿಕೇಶಿಯ ಆಳ್ವಿಕೆ ಕೊನೆಗೊಂಡುದೂ ಅದೇ ವರ್ಷದಲ್ಲಿಯೇ.